ಕೇರಿಯ ಕತೆ ಯಾವ ಪುಸ್ತಕದಲ್ಲಿದೆ?

1

"ಮಕ್ಕಳಿಗೆ ದಿನಾ ರಾತ್ರಿ ಹದಿನೈದು ನಿಮಿಷ ಪುಸ್ತಕ ಓದಿ ಹೇಳ್ರಿ." ಪಾಲಕರ ಸಭೆಗಳಲ್ಲಿ ಈ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಮಾತು ಒಳ್ಳೆಯದೇ. ನಮ್ಮ ಮಟಕಿ ಸೀಮೆಯ ಒಂದು ಊರಿನಲ್ಲಿ ಇಂಥದೊಂದು ಸಭೆಗೆ ನಾವೂ ಹೋಗಿ ಹಿಂದಿನ ಸಾಲಿನಲ್ಲಿ ಕುಂತಿದ್ದೆವು. ತೊಗರಿ ರಾಶಿಯ ದಿನಗಳು. ಹೊಲದಿಂದ ಹಂಗೇ ಬಂದಿದ್ದ ಒಬ್ಬ ತಾಯಿ ಎದ್ದು ನಿಂತು ಕೇಳಿದಳು: "ನಾವು ಸಾಲಿ ಕಲ್ತಿಲ್ರಿ. ನಾವೇನ್ ಓದಿ ಹೇಳಬೇಕ್ರಿ?" ವೇದಿಕೆಯ ಮೇಲಿದ್ದವರು ಒಂದು ಗಳಿಗೆ ತಡವರಿಸಿದರು. ಆಮೇಲೆ ಹೇಳಿದರು: "ಹಂಗಾದ್ರ ನೀ ಸುಮ್ನ ಇರವಾ. ಹುಡುಗರು ಓದೂ ಮುಂದ ಗದ್ಲ ಮಾಡಬ್ಯಾಡ, ಅಷ್ಟೇ ಸಾಕು." ಸಭೆ ನಕ್ಕಿತು. ಆಕೆ ಸೆರಗು ಸರಿಮಾಡಿಕೊಂಡು ಕುಂತುಬಿಟ್ಟಳು.

ಆ ಹೆಣ್ಣುಮಗಳು ಯಾರೆಂದು ನಮಗೆ ಗೊತ್ತು. ಬೆಳದಿಂಗಳ ರಾತ್ರಿ ಆಕೆ ಅಂಗಳದಾಗ ಚಾಪಿ ಹಾಸಿ ಕುಂತಳೆಂದರೆ ಓಣಿಯ ಹತ್ತು ಕೂಸುಗಳು ಸುತ್ತ ನೆರೆಯುತ್ತವೆ. ನರಿ, ಹುಲಿ, ಏಳು ಮಂದಿ ಅಣ್ಣತಮ್ಮಂದಿರ ಒಬ್ಬಳೇ ತಂಗಿ, ಮಾತಾಡುವ ಗಿಳಿ, ಎಲ್ಲ ಆಕೆಯ ಸೆರಗಿನಲ್ಲಿವೆ. ಹದಿನೈದು ನಿಮಿಷ ಅಲ್ಲ, ಕೋಳಿ ಕೂಗುವ ತನಕ ಹೇಳಿದರೂ ಮುಗಿಯದಷ್ಟಿವೆ. ಅಂಥಾಕೆಗೆ "ಸುಮ್ನ ಇರು" ಎಂದರು. ನಾವು ಅಲ್ಲಿದ್ದೂ ಸುಮ್ಮನೆ ಇದ್ದೆವು. ಆ ದಿನದ ನಾಚಿಕೆಯೇ ಈ ಲೇಖನ ಬರೆಸುತ್ತಿದೆ.

ಓದು ಬೇರೆ, ಕತೆ ಬೇರೆ ಎಂದು ಯಾರು ವಿಂಗಡಿಸಿದರು? ಓದಿದವನ ಮನೆಯ ಕತೆ ಸಾಹಿತ್ಯ, ಓದದವಳ ಮನೆಯ ಕತೆ ಗದ್ದಲ, ಇದು ಯಾವಾಗಿನಿಂದ ಹೀಗಾಯಿತು? ಇದಕ್ಕೆ ಒಂದು ಚರಿತ್ರೆ ಇದೆ. ನಮ್ಮ ಮಕ್ಕಳ ಕೈಗೆ ಪುಸ್ತಕ ಕೊಡುವ ಮುಂಚೆ ಆ ಚರಿತ್ರೆಯನ್ನು ನಾವು ತಿಳಿದಿರಬೇಕು.

2

ಗೌತಮ ಧರ್ಮಸೂತ್ರ ಒಂದು ಶಿಕ್ಷೆಯನ್ನು ಹೇಳುತ್ತದೆ. ವೇದವನ್ನು ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ಸೀಸ ಹೊಯ್ಯಬೇಕಂತೆ. ಇಲ್ಲಿ ಶಿಕ್ಷೆ ಕಣ್ಣಿಗಲ್ಲ, ಕಿವಿಗೆ ಎಂಬುದನ್ನು ಗಮನಿಸಬೇಕು. ಯಾಕೆಂದರೆ ಆ ಕಾಲದ ಓದು ಇದ್ದದ್ದೇ ಕಿವಿಯಲ್ಲಿ. ಕೇಳಿ, ನೆನಪಿಟ್ಟು, ತಿರುಗಿ ಹೇಳುವುದೇ ವಿದ್ಯೆ. ಅವರು ಬಾಯಿಂದ ಬಾಯಿಗೆ ದಾಟಿಸಿದ್ದು ಶಾಸ್ತ್ರವಾಯಿತು. ಅದೇ ಕೆಲಸವನ್ನು ನಮ್ಮ ಅವ್ವಂದಿರು ಮಾಡಿದರೆ ಅದಕ್ಕೆ ಹೆಸರೇ ಇಲ್ಲದಾಯಿತು.

ನಮ್ಮ ಕೇರಿಯಲ್ಲಿ ಕತೆ ಹುಟ್ಟಿದ್ದು ಬಿಡುವಿನಲ್ಲಿ ಅಲ್ಲ, ದುಡಿಮೆಯ ನಡುವೆ. ಬೀಸುವ ಕಲ್ಲಿನ ಮುಂದೆ, ಕಳೆ ತೆಗೆಯುವ ಸಾಲಿನಲ್ಲಿ, ಜೋಳದ ರಾಶಿಯ ಕಣದಲ್ಲಿ ಅದು ಹುಟ್ಟಿತು. ಹೆಚ್ಚಾಗಿ ಒಲೆಯ ಮುಂದೆ. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ ತಾಯಿ ಒಲೆ ಹಚ್ಚಿ, ಹಿಟ್ಟು ನಾದಿ, ರೊಟ್ಟಿ ಬಡಿಯುವಷ್ಟರಲ್ಲಿ ಕೂಸು ಹಸಿದು ಮಲಗಿಬಿಡುತ್ತದೆ. ಅದು ಮಲಗಬಾರದು. ಅದಕ್ಕೇ ಕತೆ. ರೊಟ್ಟಿಗೂ ಹಸಿವಿಗೂ ನಡುವಿನ ಹೊತ್ತನ್ನು ತುಂಬಲು ನಮ್ಮವರು ಕಟ್ಟಿದ ಸೇತುವೆ ಅದು. ಹಿಟ್ಟು ಇಲ್ಲದ ದಿನ ಕತೆ ಇನ್ನೂ ಉದ್ದವಾಗುತ್ತಿತ್ತು ಎಂಬುದನ್ನು ನಮ್ಮಲ್ಲಿ ಹಲವರು ಬಲ್ಲೆವು.

ಆ ಕತೆಗಳಲ್ಲಿ ಬರಿ ಮನರಂಜನೆ ಇರಲಿಲ್ಲ. ಹುಲಿಯ ಬಾಯಿಂದ ನರಿ ಪಾರಾಗುವ ಕತೆ ಕೇಳಿದ ಕೇರಿಯ ಕೂಸಿಗೆ ಊರಿನಲ್ಲಿ ಹುಲಿ ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡವರ ಎದುರು ಬಾಯಿ ತೆರೆಯಲಾಗದವರು ಮೃಗಗಳ ಬಾಯಿಂದ ಮಾತಾಡಿಸಿದರು. ಎದೆಯಲ್ಲಿದ್ದ ಸಿಟ್ಟನ್ನು ಮಕ್ಕಳಿಗೆ ನಗೆ ಮಾಡಿ ಕೊಟ್ಟರು.

ಮನೆಯ ಹೊರಗೂ ಕತೆ ಇತ್ತು. ಗೊಂದಲಿಗರು ದೀವಟಿಗೆ ಹಿಡಿದು ಬರುತ್ತಿದ್ದರು. ಕಿಳ್ಳಿಕ್ಯಾತರು ತೊಗಲು ಗೊಂಬೆ ಕುಣಿಸುತ್ತಿದ್ದರು. ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುತ್ತಿದ್ದರು. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಭಜನೆಯ ಕೂಟಗಳಲ್ಲಿ ಇಂದಿಗೂ ಉಳಿದಿವೆ. ಚೆನ್ನೂರ ಜಲಾಲಸಾಹೇಬರಂಥವರು ಅವರ ಶಿಷ್ಯರಾದರು. ಓದು ಬಾರದ ಮನೆಯ ಮಗು ತೊಡೆಯ ಮೇಲೆ ಕುಂತು ಈ ಪದಗಳನ್ನು ಕೇಳಿ ಬೆಳೆಯಿತು. ಇದೂ ಒಂದು ಶಾಲೆಯೇ.

ಇಲ್ಲಿ ನಮ್ಮದೇ ಒಂದು ತಪ್ಪನ್ನೂ ಹೇಳಬೇಕು. ಮಾದಿಗರ ಹುಟ್ಟಿನ ಕತೆಯಾದ ಜಾಂಬವ ಪುರಾಣವನ್ನು ತಲೆತಲಾಂತರದಿಂದ ಕಾಪಾಡಿದವರು ಡಕ್ಕಲಿಗರು. ನಮ್ಮ ಚರಿತ್ರೆಯನ್ನು ನಮಗೆ ಹೇಳಲು ಬಂದ ಅವರನ್ನು ನಾವು ಎಲ್ಲಿ ಕೂಡಿಸಿದೆವು? ಕೇರಿಯ ಹೊರಗೆ. ಮುಟ್ಟಿಸಿಕೊಳ್ಳದವರೇ ಮುಟ್ಟಿಸಿಕೊಳ್ಳದಂತೆ ನಡೆದುಕೊಂಡರು. ಕತೆ ಬೇಕಾಯಿತು, ಕತೆ ಹೇಳಿದವನು ಬೇಡವಾದ. ಮೇಲಿನವರು ನಮ್ಮ ಅವ್ವಂದಿರಿಗೆ ಮಾಡಿದ್ದನ್ನೇ ನಾವು ಡಕ್ಕಲಿಗರಿಗೆ ಮಾಡಿದೆವು. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತಾಡುವ ಹಕ್ಕು ನಮಗಿಲ್ಲ.

3

ಇನ್ನು ಅಕ್ಷರದ ಮಾತು. ಆಳಂದ, ಅಫಜಲಪುರ, ಜೇವರ್ಗಿ ಸೀಮೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿತ್ತು. ಮನೆಯಲ್ಲಿ ಕನ್ನಡ, ಗಡಿಯ ಸಂತೆ ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟಿತು. ಇಂಗ್ಲಿಷನ್ನು ಬದಿಗಿಟ್ಟು ದೇಶಭಾಷೆಯೊಂದನ್ನು ಆ ಎತ್ತರಕ್ಕೆ ಒಯ್ದದ್ದು ಸಣ್ಣ ಕೆಲಸವಲ್ಲ. ಆದರೆ ಕನ್ನಡ ಮಾತಾಡುವ ರೈತ ಕೂಲಿಯ ಮಗುವಿಗೆ ಆ ಬಾಗಿಲು ಎರಡು ಸಲ ಮುಚ್ಚಿತ್ತು, ಒಮ್ಮೆ ಭಾಷೆಯಿಂದ, ಒಮ್ಮೆ ಬಡತನದಿಂದ. ಕೇರಿಯ ಮಗುವಿಗೆ ಮೂರನೆಯ ಬೀಗವೂ ಇತ್ತು, ಅದು ಜಾತಿ. ಉರ್ದುವನ್ನು ಇಲ್ಲಿ ವೈರಿ ಮಾಡಬೇಕಾಗಿಲ್ಲ. ಓಣಿಯ ಬಡ ಮುಸಲ್ಮಾನನ ಮಗನಿಗೂ ಆ ಉರ್ದು ಸಿಗಲಿಲ್ಲ. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

1956ರ ನವೆಂಬರ್ 1ಕ್ಕೆ ನಾವು ಕನ್ನಡ ರಾಜ್ಯದೊಳಗೆ ಬಂದೆವು. ಸಾಲಿಗಳು ಬಂದವು, ಕನ್ನಡ ಪುಸ್ತಕಗಳೂ ಬಂದವು. ಆದರೆ ಆ ಕನ್ನಡ ಯಾರ ಕನ್ನಡ? ಮನೆಯಲ್ಲಿ "ಅದ" ಎನ್ನುವ ಮಗು ಸಾಲಿಯಲ್ಲಿ "ಇದೆ" ಎನ್ನಬೇಕು. "ಬರತದ" ಎಂದು ಬರೆದರೆ ಕೆಂಪು ಗೆರೆ. ಆಯಿ ಹೇಳಿದ ಕತೆಯನ್ನು ಆಯಿಯ ಮಾತಿನಲ್ಲೇ ಬರೆದ ಹುಡುಗನ ಹಾಳೆಯಲ್ಲಿ ಅಕ್ಷರಕ್ಕಿಂತ ಕೆಂಪು ಗೆರೆಗಳೇ ಹೆಚ್ಚಾಗುತ್ತಿದ್ದವು. ಮಗು ಅದರಿಂದ ಎರಡು ಪಾಠ ಕಲಿಯಿತು. ಒಂದು, ಶುದ್ಧ ಕನ್ನಡ. ಎರಡು, ನಮ್ಮ ಮನೆಯ ಮಾತು ಹೊಲಸು. ಮೊದಲನೆಯದನ್ನು ಮರೆತವರುಂಟು, ಎರಡನೆಯದನ್ನು ಮರೆತವರನ್ನು ನಾವು ಕಂಡಿಲ್ಲ.

ಆ ಗೆರೆಯನ್ನು ದಾಟಿ ಬಂದವರೂ ಇದ್ದಾರೆ. ಕಲಬುರಗಿ ಹತ್ತಿರದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಗಿರಣಿ ಕಾರ್ಮಿಕನ ಮಗಳು. ಇಲ್ಲಿಯ ದುಡಿಯುವ ಹೆಂಗಸರು ಆಡುವ ಮಾತನ್ನೇ ಅವರು ಕಾದಂಬರಿಗೆ ತಂದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರು. ಕೆಂಪು ಗೆರೆ ಎಳೆಸಿಕೊಂಡ ಮಾತೇ ದಿಲ್ಲಿಯ ತನಕ ಹೋಯಿತು.

4

ನಮ್ಮ ಜನ ದುಡಿಯಲು ಪುಣೆ, ಮುಂಬೈಗೆ ಹೋಗುತ್ತಾರೆ. ಆ ಎರಡು ಊರುಗಳಲ್ಲಿ ನಮ್ಮ ಓದಿನ ಚರಿತ್ರೆಯೂ ಇದೆ. ಅದನ್ನು ಮಕ್ಕಳಿಗೆ ಹೇಳಬೇಕು.

1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆದರು. ಮುಂದೆ ಅವರ ಸಾಲಿಯಲ್ಲಿ ಕಲಿತ ಮುಕ್ತಾ ಸಾಳವೆ ಎಂಬ ಮಾಂಗ ಜಾತಿಯ ಹುಡುಗಿ ಮಾಂಗ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಕೇರಿಯ ಹೆಣ್ಣುಮಗು ಅಕ್ಷರ ಕಲಿತು ಮೊದಲು ಬರೆದದ್ದು ರಾಜನ ಕತೆಯನ್ನಲ್ಲ, ತನ್ನ ಜನರ ಕತೆಯನ್ನು. ವೇದ ನಮ್ಮದಲ್ಲವೆಂದ ಮೇಲೆ ನಮ್ಮ ಧರ್ಮ ಯಾವುದು ಎಂದು ಆಕೆ ಕೇಳಿದ್ದಳು. ಓದು ಎಂದರೆ ಅದು.

ಎರಡನೆಯದು ಸುಭೇದಾರ ರಾಮಜಿ ಸಕಪಾಲರ ಮನೆ. ಬಾಬಾಸಾಹೇಬರು 1956ರಲ್ಲಿ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆಂದು ಬರೆದ ಮುನ್ನುಡಿಯಲ್ಲಿ ತಮ್ಮ ಮನೆಯ ಓದನ್ನು ನೆನೆದಿದ್ದಾರೆ. ದಿನಾ ರಾತ್ರಿ ಮಲಗುವ ಮುಂಚೆ ಗಂಡುಹುಡುಗರು ರಾಮಾಯಣ, ಮಹಾಭಾರತದ ಭಾಗಗಳನ್ನು ಗಟ್ಟಿಯಾಗಿ ಓದಬೇಕು. ಅಕ್ಕಂದಿರು ಮತ್ತು ಮನೆಗೆ ಬಂದವರು ಕೂತು ಕೇಳಬೇಕು. ಇದು ಬಹಳ ವರ್ಷ ನಡೆಯಿತು. ಭೀಮರಾವ್ ಸುಮ್ಮನೆ ಓದುವ ಹುಡುಗನಲ್ಲ. ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳಿ ಶೂದ್ರರನ್ನು, ಅಸ್ಪೃಶ್ಯರನ್ನು ಕೀಳು ಮಾಡುವ ಈ ಪುಸ್ತಕಗಳನ್ನು ನಾವೇಕೆ ಓದಬೇಕು ಎಂದು ಅಪ್ಪನನ್ನೇ ಕೇಳಿದ. ಅಪ್ಪ ಹೊಡೆಯಲಿಲ್ಲ, ಬಾಯಿ ಮುಚ್ಚಿಸಲಿಲ್ಲ. ನಾವು ಅಸ್ಪೃಶ್ಯರು, ನಿನ್ನ ಮನಸ್ಸಿನಲ್ಲಿ ಕೀಳರಿಮೆ ಬೆಳೆಯಬಾರದು. ದ್ರೋಣ, ಕರ್ಣ, ವಾಲ್ಮೀಕಿ ಎಲ್ಲಿಂದ ಎಲ್ಲಿಗೆ ಏರಿದರು ನೋಡು ಎಂದು ತನಗೆ ತಿಳಿದ ಉತ್ತರ ಕೊಟ್ಟರು. ಮಗನಿಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಮುಂದೆ ಕೆಳೂಸ್ಕರ್ ಗುರುಗಳು ತಾವು ಬರೆದ ಬುದ್ಧ ಚರಿತ್ರೆಯನ್ನು ಆ ಹುಡುಗನ ಕೈಗಿಟ್ಟರು. ಅಲ್ಲಿಂದ ಹೊರಟ ದಾರಿ 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ಮುಟ್ಟಿತು.

ಮುಂಬೈಯ ಪರಳದ ಚಾಳಿನಲ್ಲಿ ಅವರಿಗಿದ್ದದ್ದು ಒಂದೇ ಖೋಲಿ. ಪುಸ್ತಕ ಕೊಳ್ಳಲು ರೊಕ್ಕ ಇಲ್ಲದಾಗ ರಾಮಜಿ ಕೊಟ್ಟ ಮನೆಯ ಹೆಣ್ಣುಮಕ್ಕಳ ಹತ್ತಿರ ಹೋಗಿ ಕೈಗಡ ತಂದದ್ದುಂಟು. ಬಾಬಾಸಾಹೇಬರ ಓದಿನ ಹಿಂದೆ ಬರೋಡೆಯ ಮಹಾರಾಜರ ಸ್ಕಾಲರ್‌ಶಿಪ್ ಇತ್ತು ಎಂದು ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮೊದಲು ಆ ಅಕ್ಕಂದಿರ ಒಡವೆ ಇತ್ತು, ರಾತ್ರಿ ಕೂತು ಕೇಳಿದ ಅವರ ಕಿವಿ ಇತ್ತು. ಅಕ್ಕಂದಿರಿಗೆ ಓದಿಸಲಿಲ್ಲ, ಕೇಳಿಸಿದರು. ನಾವು ಈಗ ಕಟ್ಟುವ ಮನೆಯೋದು ಅಲ್ಲಿಗೇ ನಿಲ್ಲಬಾರದು.

ಆ ಮನೆಯ ಓದಿನಿಂದ ನಮಗೆ ದೊರೆತ ನಿಜವಾದ ಆಸ್ತಿ ಮಗ ಕೇಳಿದ ಪ್ರಶ್ನೆ. ಯಾವ ಪುಸ್ತಕವನ್ನೇ ಓದಲಿ, "ಇದು ಯಾಕೆ ಹೀಗಿದೆ?" ಎಂದು ಮಗು ಕೇಳಬೇಕು, ದೊಡ್ಡವರು ಕೇಳಿಸಿಕೊಳ್ಳಬೇಕು. ಪ್ರಶ್ನೆ ಇಲ್ಲದ ಓದು ಮತ್ತೊಂದು ಪೂಜೆ.

5

ನಮ್ಮ ಅವ್ವಂದಿರ ಬಾಯಿಂದ ಕತೆ, ಹಾಡು ಸಂಗ್ರಹಿಸಿದವರೂ ಇದ್ದಾರೆ. ಭೀಮಾ ಸೀಮೆಯ ಹಲಸಂಗಿಯಿಂದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. ವಿದ್ಯಾವಂತರು ತಿರುಗಿಯೂ ನೋಡದಿದ್ದ ಬೀಸುವ ಕಲ್ಲಿನ ಹತ್ತಿರ ಅವರು ಕೂತರು, ದೊಡ್ಡ ಕೆಲಸ. ಆದರೂ ಹೆಸರು ಕೇಳುವಾಗ ನಮಗೆ ಒಂದು ಮಾತು ಚುಚ್ಚುತ್ತದೆ. ಗರತಿ ಎಂದರೆ ಮನೆತನಸ್ಥ ಹೆಂಗಸು. ಪರರ ಮನೆಯ ಜೋಳ ಬೀಸಿಕೊಟ್ಟು ನುಚ್ಚು ತಂದಾಕೆ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡಾಕೆ ಗರತಿಯ ಲೆಕ್ಕಕ್ಕೆ ಬರುತ್ತಾಳೆಯೇ? ಆಕೆಯೂ ಹಾಡಿದ್ದಾಳೆ. ಆ ಹಾಡಿಗೆ ಇನ್ನೂ ಪುಸ್ತಕದಲ್ಲಿ ಜಾಗ ಕೊಡಬೇಕಾಗಿದೆ.

ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟರಾಗಿದ್ದಾಗ ಆ ಕಡೆಯ ಕತೆಗಳನ್ನು ಕೂಡಿಟ್ಟುಕೊಂಡರು. ಅವರು ತೀರಿಕೊಂಡ ಮೇಲೆ 1997ರಲ್ಲಿ 77 ಕನ್ನಡ ಕತೆಗಳ ಸಂಗ್ರಹ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ಒಂದು ಕತೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ ಬರುತ್ತಿತ್ತು, ಒಂದು ಹಾಡು ಬರುತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಕತೆ, ಹಾಡು ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಒಂದು ಬೂಟಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಗಂಡಸಿನ ಅಂಗಿಯಾಗಿ ಗೂಟಕ್ಕೆ ಜೋತುಬಿತ್ತು. ಗಂಡ ಬಂದು ನೋಡಿದ. ಸಂಶಯ, ಜಗಳ. ರಾತ್ರಿ ಊರಿನ ದೀಪಗಳೆಲ್ಲ ಹನುಮಪ್ಪನ ಗುಡಿಯಲ್ಲಿ ಕೂಡಿ ಆಡಿಕೊಂಡಾಗ ನಿಜ ಹೊರಬಿತ್ತು.

ಈ ಕತೆಯನ್ನು ನಾವು ಹೀಗೆ ಓದುತ್ತೇವೆ: ಆ ಹೆಂಗಸು ಜಿಪುಣಳಾಗಿದ್ದು ಹೇಳಲಿಲ್ಲವೋ, ಕೇಳುವವರೇ ಇರಲಿಲ್ಲವೋ? ಪಾಲಕರ ಸಭೆಯಲ್ಲಿ "ಸುಮ್ನ ಇರು" ಎನ್ನಿಸಿಕೊಂಡಾಕೆಯ ಕತೆ ಎಲ್ಲಿಗೆ ಹೋಗುತ್ತದೆ? ಹೇಳದ ಕತೆ ಮನೆ ಒಡೆಯುತ್ತದೆ ಎಂದು ನಮ್ಮ ಜನರಿಗೆ ಬಹಳ ಹಿಂದೆಯೇ ಗೊತ್ತಿತ್ತು.

6

ಚಳವಳಿಯ ಲೆಕ್ಕವನ್ನೂ ಒಪ್ಪಿಸಬೇಕು. 1968ರಲ್ಲಿ ಬಿ. ಶ್ಯಾಮಸುಂದರ್ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು ನಾಡನ್ನು ಅಲುಗಾಡಿಸಿತು. ದಲಿತ ಸಂಘರ್ಷ ಸಮಿತಿ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಕನ್ನಡ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ ಎಂದು ಕೇಳಿದೆವು, ಬರೆದೆವು, ಬೀದಿಯಲ್ಲಿ ಹಾಡಿದೆವು. ಇದೆಲ್ಲ ನಿಜ.

ಆದರೆ ನಾಲ್ಕು ವರ್ಷದ ಕೂಸಿಗೆ ನಾವು ಏನು ಬರೆದೆವು? ಸಭೆಗಳಲ್ಲಿ ಹೆಂಗಸರು ಹಿಂದೆ ಕುಂತು ಅಳುವ ಕೂಸುಗಳನ್ನು ಸಮಾಧಾನ ಮಾಡುತ್ತಿದ್ದರು, ನಾವು ಮುಂದೆ ಭಾಷಣ ಮಾಡುತ್ತಿದ್ದೆವು. ಕೂಸು ಗದ್ದಲ ಮಾಡಿದರೆ ಹೊರಗೆ ಕರೆದುಕೊಂಡು ಹೋಗವ್ವಾ ಎಂದೆವು. ಆಯಿಯ ಕತೆಯಲ್ಲಿ ದೆವ್ವ ಬಂದರೆ ಮೂಢನಂಬಿಕೆ ಎಂದು ಕಡೆಗಣಿಸಿದೆವು. ಅದರೊಳಗಿನ ಜಾಣತನವನ್ನು ಸೋಸಿ ತೆಗೆಯುವ ತಾಳ್ಮೆ ನಮಗಿರಲಿಲ್ಲ. ಕತೆಯಲ್ಲಿ ಕಸ ಇಲ್ಲವೆಂದಲ್ಲ. ಕರಿ ಬಣ್ಣದಾಕೆ ಕೆಟ್ಟವಳು, ಮಲತಾಯಿ ರಾಕ್ಷಸಿ, ಕೊನೆಗೆ ರಾಜಕುಮಾರನ ಮದುವೆಯೇ ಸುಖ, ಇವೂ ಇವೆ. ಕಾಳು, ಕಸ ಬೇರೆ ಮಾಡಲು ಮೊರ ಹಿಡಿಯಬೇಕೇ ಹೊರತು ರಾಶಿಗೇ ಬೆಂಕಿ ಇಡಬಾರದು.

7

ಸರಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. 1975ರ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅಲ್ಲಿಂದ ಅಂಗನವಾಡಿ ಊರೂರಿಗೆ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯ ಸಾಲಿಗಳಲ್ಲಿ ಶುರುವಾದ ನಲಿ ಕಲಿ ಪದ್ಧತಿ 2009ರ ಹೊತ್ತಿಗೆ ನಾಡಿನ ಸರಕಾರಿ ಕನ್ನಡ ಸಾಲಿಗಳಿಗೆ ಹರಡಿತು. ಹಾಡು, ಕತೆ, ಆಟ ತರಗತಿಯೊಳಗೆ ಬಂದವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಕೋವಿಡ್‌ನಿಂದ ಸಾಲಿ ಮುಚ್ಚಿದ್ದಾಗ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಬಿಟ್ಟಿ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಇವನ್ನೆಲ್ಲ ನಮ್ಮ ಹಕ್ಕೆಂದು ಬಳಸಬೇಕು. ಅರಿವು ಕೇಂದ್ರದ ಬಾಗಿಲು ಕೇರಿಯ ಮಕ್ಕಳಿಗೆ ತೆರೆದಿದೆಯೇ, ಕಪಾಟಿನ ಪುಸ್ತಕ ಅವರ ಕೈಗೆ ಬರುತ್ತದೆಯೇ ಎಂದು ಹೋಗಿ ನೋಡಬೇಕು.

2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 65, ಹೆಂಗಸರದು ಸುಮಾರು 55. ಅಂದರೆ ಅಕ್ಷರ ಬಾರದ ತಾಯಂದಿರು ಲಕ್ಷಗಟ್ಟಲೆ. ಅವರು ಅಕ್ಷರ ಕಲಿಯಲಿ ಎಂದು ನಾವು ದುಡಿಯೋಣ. ಆದರೆ ಅವರು ಕಲಿಯುವ ತನಕ ಮಗು ಕಾಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ತಾಯಿತಂದೆ ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಹೋಗುತ್ತಾರೆ. ಕೂಸು ಆಯಿಯ ಹತ್ತಿರ ಉಳಿಯುತ್ತದೆ, ಇಲ್ಲವೇ ಅವರ ಜೊತೆ ಕೊಪ್ಪಿಗೆ ಹೋಗುತ್ತದೆ. ಅಳುವ ಕೂಸಿಗೆ ಈಗ ಕತೆಯ ಬದಲು ಮೊಬೈಲ್. ಮೊಬೈಲ್ ಹೇಳುತ್ತದೆ, ಆದರೆ ಮಗುವಿನ "ಹೂಂ" ಅದಕ್ಕೆ ಬೇಕಾಗಿಲ್ಲ.

ಹಾಗಾದರೆ ಏನು ಮಾಡುವುದು? ನಾವು ನಮ್ಮ ಓಣಿಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇವೆ. ಇದಕ್ಕೆ ರೊಕ್ಕ ಬೇಕಿಲ್ಲ.

ಮೊದಲು ಆ "ಹೂಂ" ಉಳಿಸಬೇಕು. ಕತೆ ಕೇಳುವ ಕೂಸು ಹೂಂ ಅನ್ನದಿದ್ದರೆ ಆಯಿ ಕತೆ ನಿಲ್ಲಿಸುತ್ತಾಳೆ. "ಮುಂದೇನಾತು ಹೇಳು ನೋಡಮ್" ಎಂದು ಕೂಸಿಗೇ ಕೇಳುತ್ತಾಳೆ. ಯಾವ ತರಬೇತಿಯೂ ಇಲ್ಲದೆ ಆಕೆಗೆ ಗೊತ್ತಿರುವ ಪಾಠಕ್ರಮ ಅದು. ಮಾಸ್ತರುಗಳು ಪುಸ್ತಕ ಓದುವಾಗಲೂ ಹೀಗೇ ನಿಲ್ಲಿಸಿ ಕೇಳಲಿ.

ಎರಡನೆಯದು, ಕತೆಯ ರಾಜನನ್ನು ಇಳಿಸಿ ನೋಡುವುದು. "ಒಂದೂರಾಗ ಒಬ್ಬ ರಾಜ ಇದ್ದ" ಎಂದು ಶುರು ಮಾಡಿದಾಗ "ರಾಜ ಬ್ಯಾಡ, ಯಾರಿದ್ರು ಹೇಳ್ರಿ" ಎಂದು ಮಕ್ಕಳಿಗೆ ಕೇಳಿದೆವು. ಒಂದು ಹುಡುಗಿ ಹೇಳಿತು: "ಒಂದೂರಾಗ ಒಬ್ಬಾಕಿ ಕಸಬರಗಿ ಕಟ್ಟಾಕಿ ಇದ್ದಳು." ಆ ರಾತ್ರಿಯ ಕತೆಯಲ್ಲಿ ಅರಮನೆ ಕಸ ಹೊಡೆಯುವವರಿಲ್ಲದೆ ನಾರಿತು. ಮಕ್ಕಳು ನಕ್ಕು ನಕ್ಕು ಉರುಳಿದರು. ದೊಡ್ಡವರು ಯಾಕೋ ಬಹಳ ನಗಲಿಲ್ಲ.

ಮೂರನೆಯದು, ಮನೆಯಲ್ಲಿರುವ ಅಕ್ಷರವನ್ನೇ ಓದುವುದು. ಪುಸ್ತಕ ಇಲ್ಲದ ಮನೆಯಲ್ಲೂ ರೇಶನ್ ಕಾರ್ಡು ಇದೆ, ಬೀಜದ ಚೀಲ ಇದೆ, ಔಷಧದ ಡಬ್ಬಿ ಇದೆ, ಮುಕಾದಮ ಕೊಟ್ಟ ಮುಂಗಡದ ಲೆಕ್ಕದ ಚೀಟಿ ಇದೆ. ಮಗು ಗಟ್ಟಿಯಾಗಿ ಓದಲಿ, ಮನೆಮಂದಿ ಕೇಳಲಿ. ಚೀಟಿಯಲ್ಲಿ ಬರೆದದ್ದಕ್ಕೂ ಕೈಗೆ ಬಂದದ್ದಕ್ಕೂ ತಾಳೆ ಬೀಳದಿದ್ದರೆ ಅಲ್ಲಿಂದ ಬೇರೆಯೇ ಕತೆ ಶುರುವಾಗುತ್ತದೆ. ಅದನ್ನೂ ಓದಿನ ಪಾಠವೆಂದೇ ತಿಳಿಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಸಾಲಿಗೆ ಹೋಗುವ ಮಗು ಆಯಿಯ ಕತೆಯನ್ನು ಆಯಿಯ ಮಾತಿನಲ್ಲೇ ಬರೆದು, ಆಮೇಲೆ ಆಯಿಗೇ ಓದಿ ಹೇಳುವುದು.

ನಾವು ಮೊದಲು ಹೇಳಿದ ತಾಯಿಯ ಅಂಗಳದಲ್ಲಿ ಇದು ನಡೆಯಿತು. ನಾಲ್ಕನೆಯ ಇಯತ್ತೆಯ ಅವಳ ಮಗಳು ಅವ್ವನ ಕತೆ ಬರೆದುಕೊಂಡು ಬಂದು ಎಲ್ಲರೆದುರು ಓದಿತು. ಅರ್ಧಕ್ಕೆ ತಾಯಿ ತಡೆದಳು: "ಏ ನಿಂದ್ರು. ಅದು ತಪ್ಪ ಬರದೀದಿ. ಆ ಹುಡುಗಿ ಗೌಡನ ಕಾಲ ಬಿದ್ದಳಂತ ನಾ ಹೇಳೇ ಇಲ್ಲ. ಆಕಿ ನಿಂತಳು, ನಿಂತೇ ಕೇಳಿದಳು." ಮಗಳು ಆ ಸಾಲು ಹೊಡೆದುಹಾಕಿ ಮತ್ತೆ ಬರೆಯಿತು.

ಅಕ್ಷರ ಬಾರದ ಹೆಂಗಸೊಬ್ಬಳು ಬರೆದ ಹಾಳೆಯಲ್ಲಿ ತಪ್ಪು ಹಿಡಿದಳು, ಬರವಣಿಗೆ ತಿದ್ದಿಕೊಂಡಿತು. ಶತಮಾನಗಳಿಂದ ಬರೆದವರು ಹೇಳಿದ್ದೇ ನಿಜವೆಂದು ತಲೆಬಾಗಿದ ಕೇರಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೇಷ್ಟರಾದ ಗೆಳೆಯರೇ, ಮುಂದಿನ ಪಾಲಕರ ಸಭೆಯಲ್ಲಿ ಮುಂದಿನ ಸಾಲನ್ನು ಓದು ಬಾರದ ತಾಯಂದಿರಿಗೆ ಬಿಡಿ. ಅವರಿಗೆ ಏನು ಬರುತ್ತದೆಂದು ಮೊದಲು ಕೇಳಿ. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಒಂದು ಇನ್ನೂರು ಪುಟದ ನೋಟುಬುಕ್ಕು ಒಯ್ಯಿರಿ. ನಿಮ್ಮ ಆಯಿ ಇದ್ದರೆ ಇಂದೇ ಕೂಡ್ರಿ. ಕತೆ ಬರೆದ ಮೇಲೆ ಕೆಳಗೆ ಆಕೆಯ ಹೆಸರು ಬರೆಯಿರಿ. ಬರೆದದ್ದನ್ನು ಓದಿ ಹೇಳಿ, ಆಕೆ ಹೂಂ ಅನ್ನುವ ತನಕ ತಿದ್ದಿರಿ.